ಜೂನ್ ತಿಂಗಳಲ್ಲಿ ಬಾಗಿಲು ತೆರೆಯುವ ವ್ಯಾಯಾಮಶಾಲೆ ಬೇಕು

ಕಾರವಾರದಿಂದ ಭಟ್ಕಳದವರೆಗೆ ಶಾಲೆಯ ವರ್ಷವೂ ಮಳೆಗಾಲವೂ ಒಟ್ಟಿಗೇ ಶುರುವಾಗುತ್ತವೆ. ಮಕ್ಕಳು ಹೊಸ ಪುಸ್ತಕ ಹಿಡಿದು ಬರುವ ಹೊತ್ತಿಗೆ ಮಿರ್ಗದ (ಮೃಗಶಿರಾ) ಮಳೆ ಹಿಡಿದಿರುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಬೀಳುವ ಮಳೆಯಲ್ಲಿ ಬಹುಪಾಲು ಸೆಪ್ಟೆಂಬರ್ ಮುಗಿಯುವುದರೊಳಗೇ ಸುರಿದುಹೋಗುತ್ತದೆ. ಕಾರವಾರದ ಮಾಲಾದೇವಿ ಮೈದಾನವಿರಲಿ, ಅಂಕೋಲೆಯ ಜೈಹಿಂದ್ ಮೈದಾನವಿರಲಿ, ಕುಮಟೆಯ ಮಣಕಿ ಮೈದಾನವಿರಲಿ, ಈ ನಾಲ್ಕು ತಿಂಗಳು ಬಯಲನ್ನು ನಂಬಿ ಆಟದ ಪಾಠ ಮಾಡಲಾಗದು. ವಲಯ, ತಾಲೂಕು ಮಟ್ಟದ ಕ್ರೀಡಾಕೂಟಗಳು ಮಾತ್ರ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೇ ಬರುತ್ತವೆ. ಎರಡು ತಿಂಗಳು ಬೆಂಚಿನ ಮೇಲೆ ಕೂತ ಮಕ್ಕಳನ್ನು ಒಮ್ಮೆಲೇ ಒದ್ದೆ ನೆಲದಲ್ಲಿ ಓಡಿಸಿದರೆ ತೊಡೆಯ ಹಿಂಭಾಗದ ಸ್ನಾಯು ಹರಿಯುವುದು, ಕಣಕಾಲು ಉಳುಕುವುದು ಸಹಜ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಏನೇನು ಇರಬೇಕೆಂಬ ಪಟ್ಟಿಯಿದೆ. ಎಲ್ಲ ಋತುವಿಗೂ ಒದಗುವ ಕಟ್ಟಡ, ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಆಟದ ಮೈದಾನ, ಪ್ರತಿ ತರಗತಿಗೂ ಆಟದ ಸಾಮಗ್ರಿ. ಕಟ್ಟಡ ಎಲ್ಲ ಋತುವಿಗೂ ಆಗಬೇಕು ಎಂದಿರುವ ಕಾಯ್ದೆ ಆಟದ ಜಾಗಕ್ಕೆ ಅದೇ ಮಾತು ಹೇಳಿಲ್ಲ. ಬಯಲುಸೀಮೆಯಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಗುವಿನ ವರ್ಷದ ಮೂರನೇ ಒಂದು ಭಾಗ ಹೋಗುತ್ತದೆ. ಅದಕ್ಕೇ ಇಲ್ಲಿನ ಯಾವ ವ್ಯಾಯಾಮಶಾಲೆಯನ್ನೂ ಒಳಗಿರುವ ಯಂತ್ರಗಳ ಎಣಿಕೆಯಿಂದ ಅಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜುಲೈ ತಿಂಗಳ ಜಡಿಮಳೆಯ ದಿನ ನೆಲ ಒಣಗಿದೆಯೇ, ಬಾಗಿಲು ತೆರೆದಿದೆಯೇ, ವೇಳಾಪಟ್ಟಿಯಲ್ಲಿ ಅದಕ್ಕೊಂದು ಅವಧಿ ಇದೆಯೇ, ಈ ಮೂರನ್ನು ಕೇಳಿದರೆ ಸಾಕು.

ಮೊದಲು ನೆಲದ ಮಾತು, ಏಕೆಂದರೆ ಹಣ ಪೋಲಾಗುವುದೂ ಮಕ್ಕಳು ಬೀಳುವುದೂ ಅಲ್ಲೇ. ಹೊಸ ಸಭಾಭವನಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕುವುದು ಈಗ ರೂಢಿ. ನೋಡಲು ಚೆಂದ, ಒರೆಸಲು ಸುಲಭ. ಮಳೆ ಶುರುವಾದ ಮೊದಲ ದಿನಗಳಲ್ಲಿ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ತಂಪಾದ ನೆಲಕ್ಕೆ ತಾಗಿ ಹನಿಗಟ್ಟುತ್ತದೆ, ನೆಲ ಬೆವರುತ್ತದೆ. ಹೊಳಪಿನ ಟೈಲ್ಸ್ ಮೇಲೆ ಈ ತೆಳು ನೀರು ಕಣ್ಣಿಗೇ ಕಾಣದು. ಕಬಡ್ಡಿ ರೈಡಿಗೆ ಒಂದು ಹೆಜ್ಜೆ ಮುಂದಿಟ್ಟು ತಿರುಗಿದ ಮಗು ಮಂಡಿ ತಿರುಚಿಕೊಂಡು ಬೀಳುತ್ತದೆ. ಸಿಮೆಂಟ್ ನೆಲವನ್ನೇ ಚೆನ್ನಾಗಿ ಸಮತಟ್ಟು ಮಾಡಿ, ಹಸಿಯಿರುವಾಗ ಮೇಲ್ಮೈಗೆ ಸ್ವಲ್ಪ ಒರಟು ಕೊಟ್ಟು ಬಿಡುವುದು ಎಷ್ಟೋ ಮೇಲು. ಟೈಲ್ಸ್ ಆಗಲೇ ಬಿದ್ದಿದ್ದರೆ ಆಡುವ ಜಾಗದ ಮೇಲಾದರೂ ರಬ್ಬರ್ ಹಾಸು ಬೇಕು.

ಹಾಸು ತರಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಒಂದೂವರೆ ಅಡಿ ಚೌಕ ಕತ್ತರಿಸಿ, ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಕೆಳಗೆ ನೀರಿನ ಹನಿಯಿದ್ದರೆ, ಅಥವಾ ಆ ಚೌಕದಷ್ಟು ಸಿಮೆಂಟ್ ಕಪ್ಪಾಗಿದ್ದರೆ, ತೇವ ನೆಲದಡಿಯಿಂದ ಮೇಲೇರುತ್ತಿದೆ ಎಂದರ್ಥ. ಅಂಥ ನೆಲಕ್ಕೆ ಹಾಸನ್ನು ನೇರವಾಗಿ ಹಾಸಿದರೆ ಎರಡು ವಾರದಲ್ಲಿ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ಅದರ ವಾಸನೆ ಕೊಠಡಿಗೆಲ್ಲ ಹರಡಿ ಮಕ್ಕಳು ಒಳಗೆ ಬರಲೇ ಹಿಂಜರಿಯುತ್ತಾರೆ. ಗದ್ದೆಯ ಮಗ್ಗುಲಲ್ಲೋ ಹೊಳೆಯಂಚಿನಲ್ಲೋ ಕಟ್ಟಿದ ಶಾಲೆಗಳಲ್ಲಿ ಇದು ಸಾಮಾನ್ಯ. ಹೊಸದಾಗಿ ಕಟ್ಟುವಾಗ ಕಾಂಕ್ರೀಟಿನ ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಜೋಡಣೆಯ ಕಡೆ ಒಂದರ ಮೇಲೊಂದು ಒಂದಡಿ ಬರುವಂತೆ ಮಡಚಿದರೆ ತೊಂದರೆ ಶುರುವಾಗುವುದೇ ಇಲ್ಲ. ಹಳೆಯ ನೆಲವಾದರೆ ಕೆಲಸ ಮುಗಿದ ಮೇಲೆ ಹಾಸು ಎತ್ತಿಡುವ ಶಿಸ್ತು ಬೇಕು.

ಕಬಡ್ಡಿಯ ಹಾಸುಗಳ ಬಗ್ಗೆ ವಿವರವಾಗಿ ಹೇಳಬೇಕು. ಹಿರಿಯ ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮತ್ತು 8. ಒಂದು ಮೀಟರ್ ಚೌಕದ, ಹಲ್ಲಿಗೆ ಹಲ್ಲು ಸೇರುವ ಹಾಸುಗಳಾದರೆ ಪುರುಷರ ಅಂಕಣಕ್ಕೇ 130 ಬೇಕು. ಜಾರಿ ಹೊರಗೆ ಹೋಗುವವರಿಗೆಂದು ಸುತ್ತ ಇನ್ನೊಂದು ಸಾಲು ಸೇರಿಸಿದರೆ ಮತ್ತೂ 50. ಇವನ್ನು ತೊಳೆದು ಬಿಸಿಲಿಗೆ ಹಾಕುವ ತಪ್ಪು ಎಲ್ಲ ಕಡೆ ನಡೆಯುತ್ತದೆ. ಫೋಮ್ ಹಾಸು ಬಿಸಿಲಿಗೆ ಸೆಟೆದು ಕುಗ್ಗುತ್ತದೆ. ಬಿಸಿಲು ಬಿದ್ದ ಹಾಸಿಗೂ ಬೀಳದ ಹಾಸಿಗೂ ಅಳತೆ ತಪ್ಪಿ ಹಲ್ಲುಗಳು ಕೂಡುವುದಿಲ್ಲ, ಕೂಡಿದರೂ ಸಂದಿ ಬಾಯಿಬಿಟ್ಟು ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ನೆರಳಲ್ಲಿ, ಗೋಡೆಗೆ ಒರಗಿಸಿ, ಫ್ಯಾನಿನ ಗಾಳಿಗೆ ಒಣಗಿಸಬೇಕು. ಒಣಗಿದ ಮೇಲೆ ಮಲಗಿಸಿ ಪೇರಿಸಿ, ಮರದ ಪಟ್ಟಿಗಳ ಮೇಲೆ ನೆಲದಿಂದ ನಾಲ್ಕು ಇಂಚು ಎತ್ತರದಲ್ಲಿಡಿ. ಆ ಪಟ್ಟಿಗೆ ಒರಲೆ (ಗೆದ್ದಲು) ಹತ್ತುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಶಿರಸಿ, ಸಿದ್ದಾಪುರದ ಕಡೆ ಉಪ್ಪುಗಾಳಿಯ ಕಾಟವಿಲ್ಲ, ಒರಲೆಯ ಕಾಟ ಅದನ್ನು ಸರಿಗಟ್ಟಿಸಿಬಿಡುತ್ತದೆ.

ಹಾಸಿನಿಂದ ಹರಡುವ ಹುಳುಕಡ್ಡಿ ಹಾಸ್ಟೆಲ್ ಮಕ್ಕಳಲ್ಲಿ ಬೇಗ ಹಬ್ಬುತ್ತದೆ. ಸೋಪಿನ ನೀರಿನಿಂದ ಒರೆಸಿ, ಆಮೇಲೆ ಬ್ಲೀಚ್ ದ್ರಾವಣ ಬಳಿಯಬೇಕು. ಅಂಗಡಿಯಲ್ಲಿ ಸಿಗುವ ಶೇ. 5ರ ದ್ರವವಾದರೆ ಒಂದು ಲೀಟರ್ ನೀರಿಗೆ 20 ಮಿ.ಲೀ. ಸಾಕು. ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ನಂತರ ಸಾದಾ ನೀರಲ್ಲಿ ಒರೆಸಿ. ಬಳಿದ ಕೂಡಲೇ ಒರೆಸಿಬಿಟ್ಟರೆ ಅದು ಕೆಲಸ ಮಾಡುವುದಿಲ್ಲ. ಕಕ್ಕಸು ತೊಳೆಯುವ ಆಸಿಡ್ ಜೊತೆ ಇದನ್ನು ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವವರು ಡಬ್ಬದ ಮುಚ್ಚಳ ಬಿಗಿಯಾಗಿದೆಯೇ ನೋಡಿ. ನಮ್ಮ ತೇವದಲ್ಲಿ ಬಾಯಿ ತೆರೆದಿಟ್ಟ ಪುಡಿ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಎಚ್ಚರ: ಇದೇ ನೀರಲ್ಲಿ ಕಬ್ಬಿಣದ ಸಾಮಾನು ಒರೆಸಬಾರದು. ಡಂಬೆಲ್ ಹಿಡಿಗಳಿಗೆ ಸೋಪಿನ ನೀರು, ಒಣಬಟ್ಟೆ ಇಷ್ಟೇ ಸಾಕು.

ಬಾಗಿಲ ಹೊರಗೆ ದಪ್ಪನೆಯ ತೆಂಗಿನ ನಾರಿನ ಕಾಲೊರಸು, ಕೊಡೆ ತೂಗುಹಾಕಲು ಒಂದು ಸಾಲು ಮೊಳೆ, ಚಪ್ಪಲಿಗೆ ಜಾಗ. ಇವು ಮೂರೂ ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಕೆಂಪು ಮಣ್ಣಿನ ಹರಳು ಹಾಸಿನ ಮೇಲೆ ಮರಳುಕಾಗದದ ಹಾಗೆ ಉಜ್ಜುತ್ತಿರುತ್ತದೆ.

ಮಾಡಿನ ವಿಷಯ. ತಗಡಿನ ಮಾಡು ಹಾಕುವವರು ತಗಡಿನ ದಪ್ಪದ ಬಗ್ಗೆ ಚೌಕಾಸಿ ಮಾಡುತ್ತಾರೆ, ಸೋರುವುದು ಮಾತ್ರ ಸ್ಕ್ರೂ ರಂಧ್ರದಲ್ಲಿ. ಸ್ಕ್ರೂಗಳನ್ನು ತಗಡಿನ ಉಬ್ಬಿನ ಮೇಲೆ ಹಾಕಬೇಕು, ನೀರು ಹರಿಯುವ ತಗ್ಗಿನಲ್ಲಿ ಹಾಕಬಾರದು. ಕೆಳಗಿನ ರಬ್ಬರ್ ವಾಷರ್ ಒಣಗಿ ಬಿರಿದಿದ್ದರೆ ಮೇ ತಿಂಗಳಲ್ಲೇ ಬದಲಿಸಬೇಕು. ಬೆಳಕಿಗೆಂದು ನಡುವೆ ಹಾಕುವ ಫೈಬರ್ ತಗಡು ಕೆಲವು ವರ್ಷದಲ್ಲಿ ಪೆಡಸಾಗುತ್ತದೆ, ಅದರ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ಮಳೆ ಹೊಡೆಯುವುದು ನೈಋತ್ಯದಿಂದ. ಪಡುವಣ ಗೋಡೆಯ ಕಡೆ ಸೂರು ನಾಲ್ಕು ಅಡಿಯಾದರೂ ಹೊರಚಾಚಿರಲಿ, ಸ್ವಿಚ್‌ಬೋರ್ಡ್ ಆ ಗೋಡೆಯ ಮೇಲೆ ಬೇಡವೇ ಬೇಡ. ಸೋಗೆಯ ತಟ್ಟಿ ಕಟ್ಟುವ ನಮ್ಮ ಹಳೆಯ ಕ್ರಮ ಇಲ್ಲಿಗೂ ಒಪ್ಪುತ್ತದೆ: ಎರಚಲು ತಡೆಯುತ್ತದೆ, ಗಾಳಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಹಂಚಿನ ಮಾಡಾದರೆ ರೀಪು ಪಕಾಸಿಗೆ ಹಗ್ಗವನ್ನೋ ಬಾಕ್ಸಿಂಗ್ ಚೀಲವನ್ನೋ ತೂಗುಹಾಕಬೇಡಿ. ಅವು ಹಂಚಿನ ಭಾರಕ್ಕೆಂದು ಇರುವಂಥವು, ಜೋಲಾಡುವ ಮೈಭಾರದ ಎಳೆತಕ್ಕೆ ಕೀಲು ಸಡಿಲವಾಗಿ ಹಂಚು ಜಾರುತ್ತದೆ.

ಒಳಾಂಗಣ ಕಟ್ಟಲು ಅನುದಾನ ಬಂತೆಂದರೆ ಅಳತೆ ತಪ್ಪಬಾರದು. 60 ಅಡಿ ಉದ್ದ, 35 ಅಡಿ ಅಗಲದ ಸಭಾಭವನದಲ್ಲಿ 13.4 ಮೀಟರ್ ಉದ್ದ, 6.1 ಮೀಟರ್ ಅಗಲದ ಬ್ಯಾಡ್ಮಿಂಟನ್ ಅಂಕಣ ಕೂರುತ್ತದೆ. ಪುರುಷರ ಕಬಡ್ಡಿ ಅಂಕಣವನ್ನು ಕೂರಿಸಿದರೆ ಎರಡೂ ಬದಿಗೆ ಒಂದೊಂದು ಅಡಿ ಮಾತ್ರ ಉಳಿಯುತ್ತದೆ, ಹಿಡಿತಕ್ಕೆ ಸಿಕ್ಕ ಆಟಗಾರ ಗೋಡೆಗೆ ಬಡಿಯುತ್ತಾನೆ. ಅದೇ ಅಗಲ 45 ಅಡಿಯಾದರೆ ಎರಡೂ ಕಡೆ ಆರು ಅಡಿ ಸಿಗುತ್ತದೆ. ಕಟ್ಟುವಾಗಲೇ ಆ ಹತ್ತು ಅಡಿ ಕೇಳಿ ಪಡೆಯಿರಿ, ಆಮೇಲೆ ಗೋಡೆ ಸರಿಸಲು ಬರುವುದಿಲ್ಲ. ವಾಲಿಬಾಲಿಗೆ ಇದು ಸಾಲದು: ಅಂಕಣವೇ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಮೂರು ಮೀಟರ್, ಮೇಲೆ ಏಳು ಮೀಟರ್ ಎತ್ತರ ಖಾಲಿ ಬೇಕು. ಆದರೂ ಎತ್ತರದಲ್ಲಿ ಜಿಪುಣತನ ಬೇಡ. ತೊಲೆಗಳು ಕೆಳಗಿದ್ದರೆ ಬ್ಯಾಡ್ಮಿಂಟನ್ನಿನಲ್ಲಿ ಎತ್ತಿ ಹೊಡೆಯುವುದನ್ನೇ ಮಕ್ಕಳು ಕಲಿಯುವುದಿಲ್ಲ. ಅಂಕಣದ ಎರಡು ತುದಿಗಳ ಗೋಡೆಗೆ ಕಿಟಕಿ ಇಡದೆ ಕಡು ಹಸಿರೋ ನೀಲಿಯೋ ಬಳಿದರೆ ಬಿಳಿ ಶಟಲ್ ಚೆನ್ನಾಗಿ ಕಾಣುತ್ತದೆ. ಕಿಟಕಿಗಳೆಲ್ಲ ಉದ್ದದ ಗೋಡೆಗಳಲ್ಲಿ ಎದುರುಬದುರು ಇರಲಿ. ವೇದಿಕೆ ಇರುವ ಭವನವಾದರೆ ಅದರಡಿ ಟೊಳ್ಳು ಬಿಟ್ಟು ಕುರ್ಚಿಗಳನ್ನು ಅಲ್ಲಿಗೆ ತಳ್ಳುವ ವ್ಯವಸ್ಥೆ ಮಾಡಿ. ಕುರ್ಚಿ ಪೇರಿಸಿಟ್ಟೇ ಎಷ್ಟೋ ಒಳಾಂಗಣಗಳು ಉಗ್ರಾಣವಾಗಿವೆ.

ಇನ್ನು ಕಬ್ಬಿಣ. ಕರಾವಳಿಯ ಗಾಳಿಯಲ್ಲಿ ಉಪ್ಪಿನ ಕಣ ಇರುತ್ತದೆ, ಅದು ತೇವವನ್ನು ಹೀರಿ ಲೋಹದ ಮೇಲೆ ಸದಾ ಒಂದು ತೆಳು ಉಪ್ಪುನೀರಿನ ಪದರ ನಿಲ್ಲಿಸುತ್ತದೆ. ಕ್ರೋಮ್ ಹೊಳಪಿನ ಬಾರ್‌ಬೆಲ್ ನೋಡಿ ಮರುಳಾಗುವುದು ಬೇಡ. ಆ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ತುಕ್ಕು ಅಡಿಯಿಂದ ಎದ್ದು ಪೊರೆ ಬಿಡುತ್ತದೆ, ಆ ಚೂಪು ಅಂಗೈ ಸೀಳುತ್ತದೆ. ಸ್ಟೇನ್‌ಲೆಸ್ ಎಂದು ಮಾರುವುದರಲ್ಲೂ 304 ದರ್ಜೆಯದು ಕಡಲತೀರದಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ, 316 ತಡೆಯುತ್ತದೆ, ಬೆಲೆಯೂ ಹೆಚ್ಚು. ಹೊರಗೆ ನೆಡುವ ಸಾಮಾನಿಗೆ ಕಾಯಿಸಿದ ಸತುವಿನಲ್ಲಿ ಅದ್ದಿ ತೆಗೆದ ಪೈಪು ತಕ್ಕದ್ದು, ಬರಿಯ ಬಣ್ಣದ ಪೈಪು ಎರಡು ಮಳೆಗಾಲ ಕಳೆಯುವುದೇ ಕಷ್ಟ.

ಬಣ್ಣ ಬಳಿಯುವಾಗ ಹೆಚ್ಚಿನವರು ತುಕ್ಕು ಕೆರೆದು ನೇರ ಬಣ್ಣಕ್ಕೇ ಹೋಗುತ್ತಾರೆ. ಮೊದಲು ಸಿಹಿನೀರಲ್ಲಿ ತೊಳೆದು ಒಣಗಿಸಬೇಕು. ಉಪ್ಪು ಉಳಿದರೆ ಬಣ್ಣದ ಕೆಳಗೆ ನೀರೆಳೆದು ಗುಳ್ಳೆ ಏಳಿಸುತ್ತದೆ. ತೊಳೆಯುವುದು, ತಂತಿ ಬ್ರಶ್, ಮತ್ತೆ ಒರೆಸುವುದು, ಸತುವಿರುವ ಎಪಾಕ್ಸಿ ಪ್ರೈಮರ್, ಒಣಗಿದ ಮೇಲೆ ಎರಡು ಕೈ ಬಣ್ಣ, ಇದು ಕ್ರಮ. ಬೈತಖೋಲ್‌ನಲ್ಲಿ, ತದಡಿಯಲ್ಲಿ ದೋಣಿಗೆ ಬಣ್ಣ ಹೊಡೆಯುವವರನ್ನು ಕೇಳಿ. ಯಾವ ಪ್ರೈಮರ್, ಯಾವ ಗ್ರೀಸ್ ಉಪ್ಪುನೀರಿಗೆ ತಡೆಯುತ್ತದೆ ಎಂಬುದು ಜಿಮ್ ಸಾಮಾನು ಮಾರುವವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಬಾರ್‌ಬೆಲ್ ಮತ್ತು ಕಬ್ಬಿಣದ ಪ್ಲೇಟುಗಳಿಗೆ ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯ ಕೈ ಸಾಕು: ನೈಲಾನ್ ಬ್ರಶ್‌ನಿಂದ ಹಿಡಿಯ ಗೀರುಗಳಲ್ಲಿನ ಬೆವರು, ಸುಣ್ಣದಂಥ ಪುಡಿ ತೆಗೆದು, ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ಕೈಗೆ ಅಂಟದಂತೆ ಮತ್ತೆ ಒಣಬಟ್ಟೆಯಿಂದ ತೆಗೆಯುವುದು. ಯಂತ್ರಗಳ ನಿಲುಗಂಬಿಗೆ ಎಣ್ಣೆ ಬೇಡ, ಧೂಳು ಕೂತು ಮೇಣವಾಗುತ್ತದೆ. ಅದಕ್ಕೆ ಸಿಲಿಕೋನ್ ಸ್ಪ್ರೇ.

ಅನುದಾನದಲ್ಲಿ ಬರುವ ಮಲ್ಟಿ ಜಿಮ್ (ಹಲವು ವ್ಯಾಯಾಮಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದ ಯಂತ್ರ) ಬಹುಪಾಲು ಒಂದೇ ಕಡೆ ಕೈಕೊಡುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಹಗ್ಗ ಕೊಂಡಿಗೆ ಸೇರುವ ತುದಿಯಲ್ಲಿ ಬಾಗುತ್ತ ಬಾಗುತ್ತ ಎಳೆ ಎಳೆಯಾಗಿ ಹರಿಯುತ್ತದೆ, ಹೊದಿಕೆಯೊಳಗೆ ಹೊಕ್ಕ ತೇವದಿಂದ ತುಕ್ಕು ಹೊರಗೆ ಕಾಣುವುದೇ ಇಲ್ಲ. ಹೊದಿಕೆ ಒಂದು ಕಡೆ ಉಬ್ಬಿದ್ದರೆ, ಬಿರಿದಿದ್ದರೆ, ಒಳಗಿನ ಎಳೆ ಒಂದೇ ಒಂದು ಹೊರಬಂದಿದ್ದರೂ ಅಂದೇ ಯಂತ್ರದ ಆ ಭಾಗಕ್ಕೆ ಬೀಗ ಹಾಕಿ ಹಗ್ಗ ಬದಲಿಸಬೇಕು. ಭಾರ ಆಯ್ಕೆಯ ಪಿನ್ ಕಳೆದುಹೋದಾಗ ಮಕ್ಕಳು ಮೊಳೆ ಸಿಕ್ಕಿಸುವುದುಂಟು. ಮೊಳೆ ಜಾರಿದರೆ ಅಷ್ಟೂ ಭಾರ ಒಮ್ಮೆಲೇ ಕೆಳಗೆ ಬೀಳುತ್ತದೆ. ಪಿನ್‌ಗಳನ್ನು ಯಂತ್ರಕ್ಕೇ ಸಣ್ಣ ಸರಪಳಿಯಿಂದ ಕಟ್ಟಿಬಿಡಿ, ಎರಡು ಹೆಚ್ಚಿನ ಪಿನ್ ಕಪಾಟಿನಲ್ಲಿರಲಿ. ಟ್ರೆಡ್‌ಮಿಲ್ ಕೊಳ್ಳುವ ಮುಂಚೆ ಎರಡು ಬಾರಿ ಯೋಚಿಸಿ. ಮಳೆಗಾಲದಲ್ಲಿ ಏರಿಳಿಯುವ ವಿದ್ಯುತ್ತಿಗೂ ತೇವಕ್ಕೂ ಮೊದಲು ಬಲಿಯಾಗುವುದು ಅದರ ನಿಯಂತ್ರಣ ಬೋರ್ಡು. ಒಂದು ಸಲಕ್ಕೆ ಒಬ್ಬನೇ ಬಳಸಬಹುದಾದ ಯಂತ್ರವೂ ಅದೇ. ಅದೇ ಹಣಕ್ಕೆ ಇಡೀ ತರಗತಿಗೆ ಸಾಕಾಗುವ ಸಾಮಾನು ಬರುತ್ತದೆ.

ಉದಾಹರಣೆಗೆ 20 ಅಡಿಗೆ 30 ಅಡಿಯ ಒಂದು ಹಳೆಯ ತರಗತಿ ಕೊಠಡಿ, ಪಿಯು ಅಥವಾ ಡಿಗ್ರಿ ಕಾಲೇಜಿನದು. ಒಬ್ಬರಿಗೆ 50 ಚದರಡಿ ಎಂದು ಹಿಡಿದರೆ ಒಮ್ಮೆಗೆ 12 ಜನ. ಅಲ್ಲಿಗೆ ಬೇಕಾದದ್ದು ರಬ್ಬರ್ ಹೊದಿಸಿದ, 2.5ರಿಂದ 15 ಕೆ.ಜಿ.ವರೆಗಿನ ಡಂಬೆಲ್ ಜೋಡಿಗಳು, 20 ಕೆ.ಜಿ.ಯದೊಂದು ಮತ್ತು 15 ಕೆ.ಜಿ.ಯದೊಂದು ಬಾರ್, ರಬ್ಬರ್ ಪ್ಲೇಟು, ಅಡ್ಡ ರಕ್ಷಣಾ ಕಂಬಿ ಇರುವ ಸ್ಕ್ವಾಟ್ ಸ್ಟ್ಯಾಂಡ್, ಎರಡು ಬೆಂಚು, ಗೋಡೆಗೆ ಒಂದು ದೊಡ್ಡ ಕನ್ನಡಿ. ಕೊಠಡಿ ನೆಲಮಹಡಿಯಲ್ಲೇ ಇರಲಿ. 15 ಕೆ.ಜಿ. ಬಾರ್ ಬೇಡವೆಂದು ಬಿಟ್ಟುಬಿಡುವವರೇ ಹೆಚ್ಚು. ಅದು 25 ಮಿ.ಮೀ. ದಪ್ಪವಿದ್ದು ಹುಡುಗಿಯರ ಮತ್ತು ಚಿಕ್ಕ ಹುಡುಗರ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಎಲಾಸ್ಟಿಕ್ ಬ್ಯಾಂಡ್ ತಂದರೆ ಟಾಲ್ಕಂ ಪೌಡರ್ ಸವರಿ ಡಬ್ಬದಲ್ಲಿಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿ ಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಆರುವ ಸ್ವಿಚ್) ಕಡ್ಡಾಯ, ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬ ಮಾತು ಪಾಲಕರ ಸಭೆಯಲ್ಲಿ ಬಂದೇ ಬರುತ್ತದೆ. ಸರಿಯಾದ ಮೇಲ್ವಿಚಾರಣೆಯಲ್ಲಿ ಹಾಗಾಗುವುದಿಲ್ಲ. ಹದಿಹರೆಯದವರಿಗೆ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು, ಒಂದರಿಂದ ಮೂರು ಸುತ್ತು, ಸುತ್ತಿಗೆ 8ರಿಂದ 15 ಸಲ. 15 ಸಲ ಸಲೀಸಾದ ಮೇಲೆ ಶೇ. 5ರಿಂದ 10ರಷ್ಟು ಭಾರ ಏರಿಸುವುದು. ಒಂದೇ ಸಲ ಎಷ್ಟು ಎತ್ತುತ್ತೀ ನೋಡೋಣ ಎಂಬ ಪಂಥ ಬೇಡ, ಬೆನ್ನಿಗೆ ಪೆಟ್ಟಾಗುವುದು ಅಂಥಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಬಲಪಡಿಸುವ ಕೆಲಸ. ಮಳೆಯ ನೆಪದಲ್ಲಿ ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟಾಗ ಹೋಗುವುದು ಇದೇ.

ಇಷ್ಟೆಲ್ಲ ಇಲ್ಲದ ಶಾಲೆಗಳೇ ಹೆಚ್ಚು, ಅಲ್ಲಿಯೂ ಜಗಲಿ ಇರುತ್ತದೆ. 24 ಮಕ್ಕಳನ್ನು ನಾಲ್ಕು ನಾಲ್ಕರಂತೆ ಆರು ಗುಂಪು ಮಾಡಿ. ಒಂದು ಕಡೆ ಬಸ್ಕಿ, ಇನ್ನೊಂದು ಕಡೆ ದಂಡ, ಮೆಟ್ಟಿಲು ಹತ್ತಿ ಇಳಿಯುವುದು, ಹಗ್ಗದ ಜಿಗಿತ, ಮೊಣಕೈ ಊರಿ ಹಲಗೆಯಂತೆ ನಿಲ್ಲುವುದು, ಮರಳು ಚೀಲ ಎತ್ತುವುದು. 30 ಸೆಕೆಂಡ್ ಕೆಲಸ, 30 ಸೆಕೆಂಡ್ ಜಾಗ ಬದಲು. ಮೂರು ಸುತ್ತಿಗೆ 18 ನಿಮಿಷ. ಮೊದಲು ಮೈ ಬಿಸಿ ಮಾಡಲು ಎಂಟು ನಿಮಿಷ ಹಿಡಿದರೂ 40 ನಿಮಿಷದ ಅವಧಿಯಲ್ಲಿ ಹಾಜರಿ, ಕೈಕಾಲು ತೊಳೆಯುವುದು ಎಲ್ಲ ಆಗುತ್ತದೆ. ಚೀಲಕ್ಕೆ ಹೊಳೆಯ ಮರಳನ್ನು ಹುರಿದಷ್ಟು ಒಣಗಿಸಿ, ಐದು ಕೆ.ಜಿ. ತೂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಅಕ್ಕಿಚೀಲ ಹೊಲಿಯಿರಿ. ಸಮುದ್ರದ ಮರಳು ತೇವ ಬಿಡುವುದಿಲ್ಲ, ಚಿಪ್ಪಿನ ಚೂರು ಚೀಲ ಹರಿಯುತ್ತದೆ. ಉದ್ದಜಿಗಿತದ ಹೊಂಡಕ್ಕೂ ಅದು ಬೇಡವೆನ್ನಲು ಇದೇ ಕಾರಣ. ಖೇಲೋ ಇಂಡಿಯಾ ದೈಹಿಕ ಕ್ಷಮತೆಯ ಪರೀಕ್ಷೆಗಳಲ್ಲೂ ಕೂತು ಮುಂದೆ ಬಾಗುವುದು, ದಂಡ, ಮಲಗಿ ಅರ್ಧ ಏಳುವುದು, ಒಂಟಿಕಾಲಿನ ಸಮತೋಲನ, ತಟ್ಟೆ ಮುಟ್ಟುವುದು ಇವನ್ನೆಲ್ಲ ಜಗಲಿಯಲ್ಲೇ ಮುಗಿಸಬಹುದು. 50 ಮೀಟರ್ ಮತ್ತು 600 ಮೀಟರ್ ಓಟವನ್ನಷ್ಟೇ ಅಕ್ಟೋಬರಿಗೆ ಇಟ್ಟುಕೊಂಡರಾಯಿತು.

ಮಳೆಗಾಲದಲ್ಲಿ ಟೇಬಲ್ ಟೆನಿಸ್ ಮೇಜೂ ಕೆಡುತ್ತದೆ, ಅಂಚಿನಿಂದ ಉಬ್ಬಿ ಪದರ ಬಿಡುತ್ತದೆ. 30 ಸೆಂ.ಮೀ. ಎತ್ತರದಿಂದ ಚೆಂಡು ಬಿಟ್ಟರೆ ಸುಮಾರು 23 ಸೆಂ.ಮೀ. ಪುಟಿಯಬೇಕು. ಮೇಜಿನ ಹತ್ತಾರು ಕಡೆ ಬಿಟ್ಟು ನೋಡಿದರೆ ಕೆಟ್ಟ ಜಾಗ ತಾನೇ ಗೊತ್ತಾಗುತ್ತದೆ.

ಅಂಗಳದಲ್ಲಿ ಒಂದು ಚಿನ್-ಅಪ್ ಕಂಬಿ ನೆಡುವುದಕ್ಕಿಂತ ಅಗ್ಗದ, ಬಹುಕಾಲ ಬಾಳುವ ಸೌಲಭ್ಯ ಬೇರೊಂದಿಲ್ಲ. ತಪ್ಪಾಗುವುದು ಪೈಪಿನ ಆಯ್ಕೆಯಲ್ಲಿ. ಗಟ್ಟಿಯಿರಲಿ ಎಂದು ಒಂದೂವರೆ ಇಂಚಿನ ಪೈಪು ಹಾಕಿದರೆ ಅದರ ಹೊರಸುತ್ತು 48 ಮಿ.ಮೀ. ದಪ್ಪ, ಮಕ್ಕಳ ಬೆರಳು ಸುತ್ತುವುದೇ ಇಲ್ಲ. ಒಂದು ಇಂಚಿನ ಪೈಪು ಹೊರಗೆ 33.7 ಮಿ.ಮೀ. ಇರುತ್ತದೆ, ಅದರ ದಪ್ಪ ಗೋಡೆಯ ಸಿ ದರ್ಜೆ ತನ್ನಿ, ಕಂಬಗಳ ನಡುವೆ ನಾಲ್ಕು ಅಡಿ ಮೀರಬೇಡಿ. ಐದು, ಆರು, ಏಳು ಅಡಿ ಹೀಗೆ ಮೂರು ಎತ್ತರ. ಕಂಬ ಎರಡೂವರೆ ಅಡಿ ಕಾಂಕ್ರೀಟಿನಲ್ಲಿ ಇಳಿಯಲಿ, ಕಾಂಕ್ರೀಟಿನ ತಲೆ ನೆಲದಿಂದ ಎರಡು ಇಂಚು ಮೇಲೆದ್ದು ಇಳಿಜಾರಾಗಿರಲಿ. ಕಂಬ ತುಕ್ಕು ಹಿಡಿದು ಮುರಿಯುವುದು ಯಾವಾಗಲೂ ನೆಲಕ್ಕೆ ತಾಗುವ ಆ ಗೆರೆಯಲ್ಲೇ. ಮೇಲ್ತುದಿಗೆ ಮುಚ್ಚಳ ಬೆಸೆಯದಿದ್ದರೆ ಒಳಗೆ ನೀರಿಳಿದು ಕಂಬ ಒಳಗಿಂದಲೇ ಕರಗುತ್ತದೆ. ಕಂಬಿಯ ಕೆಳಗೆ ಒಂದಡಿ ಆಳ ಸಡಿಲ ಮರಳು. ಬಯಲಲ್ಲಿ ಇನ್ನೆರಡು ಎಚ್ಚರಿಕೆ. ಯಕ್ಷಗಾನಕ್ಕೋ ಸಭೆಗೋ ಮೈದಾನ ಕೊಟ್ಟ ಮರುದಿನ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿದರೆ ಚಪ್ಪರದ ಮೊಳೆಗಳು ಸಿಗುತ್ತವೆ. ಏಪ್ರಿಲ್, ಮೇ, ಅಕ್ಟೋಬರಿನ ಗುಡುಗಿನ ದಿನಗಳಲ್ಲಿ ಮಿಂಚಿಗೂ ಸದ್ದಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಎಲ್ಲರನ್ನೂ ಕಟ್ಟಡದೊಳಗೆ ಕರೆದು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬಿಡಬಾರದು. ಮರದ ಬುಡವಾಗಲಿ ಗೋಡೆಯಿಲ್ಲದ ಪ್ರೇಕ್ಷಕರ ಮಂಟಪವಾಗಲಿ ಆಸರೆಯಲ್ಲ.

ಬೇಸಿಗೆಯ ಸೆಕೆಗೆ ಕುಡಿಯುವ ನೀರು ಆಟದ ಜಾಗದ ಪಕ್ಕದಲ್ಲೇ ಬೇಕು. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಮುರುಗಲು ಪಾನಕ ಎಲ್ಲವೂ ಆದೀತು. ತುಂಬ ಸುಸ್ತಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಸೌಲಭ್ಯವಿದ್ದೂ ಮಕ್ಕಳಿಗೆ ಸಿಗದಿರಲು ಬಹುಮುಖ್ಯ ಕಾರಣ ಬಸ್ಸು. ಡಿಗ್ರಿ ಕಾಲೇಜಿನ ಜಿಮ್ ಸಂಜೆ ಐದಕ್ಕೆ ತೆರೆದರೆ ಹಳ್ಳಿಯಿಂದ ಬರುವವರು ನಾಲ್ಕೂವರೆಯ ಬಸ್ಸಿಗೆ ಹೊರಟಾಗಿರುತ್ತದೆ. ಘಟ್ಟದ ಮೇಲೂ ಹಾಗೇ: ಶಿರಸಿಯಿಂದ ಒಳಹಳ್ಳಿಗೆ ಹೋಗುವ ಕೊನೆಯ ಬಸ್ಸು ಯಾವ ಆಟಕ್ಕೂ ಕಾಯುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೂ ಮೊದಲ ತರಗತಿಗೂ ನಡುವಿನ ಹೊತ್ತು, ಮಧ್ಯಾಹ್ನದ ಖಾಲಿ ಅವಧಿ, ಈ ಎರಡರಲ್ಲಿ ಬಾಗಿಲು ತೆರೆದರೆ ಬಳಕೆ ತಾನಾಗಿ ಏರುತ್ತದೆ. ಹುಡುಗಿಯರಿಗೆಂದು ಬರೆದ ಅವಧಿಯನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡಬಾರದು. ಅವರಿಗೆ ಬಟ್ಟೆ ಬದಲಿಸಲು ಒಳಗಿಂದ ಚಿಲಕವಿರುವ ಕೋಣೆ, ನೀರಿರುವ ಶೌಚಾಲಯ, ಮುಚ್ಚಳದ ಕಸದ ಬುಟ್ಟಿ ಇಲ್ಲದೆ ಜಿಮ್ ಇದೆ ಎಂದು ಹೇಳಿಕೊಳ್ಳುವುದೇ ತಪ್ಪು. ದೈಹಿಕ ಶಿಕ್ಷಣದ ಮಾಸ್ತರು ಒಬ್ಬರೇ ಇದ್ದರೆ, ಆ ಅವಧಿಗೆ ಬೇರೆ ವಿಷಯದ ಅಕ್ಕೋರೊಬ್ಬರು (ಶಿಕ್ಷಕಿ) ಹಾಜರಿರುವ ಏರ್ಪಾಡು ಮಾಡಿದರೆ ಮನೆಯವರೂ ಒಪ್ಪುತ್ತಾರೆ.

ಬೀಗದ ಕೈ ಎರಡಿರಲಿ, ಒಂದು ಮಾಸ್ತರ ಬಳಿ, ಇನ್ನೊಂದು ಕಚೇರಿಯಲ್ಲಿ ಸಹಿ ಮಾಡಿ ಪಡೆಯುವಂತೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ದಿನಾಂಕ, ಬಳಸಿದ ತರಗತಿ, ಮುರಿದದ್ದು, ದುರಸ್ತಿಯಾದದ್ದು ಇಷ್ಟನ್ನು ಬರೆಯುತ್ತ ಹೋದರೆ ಮುಂದಿನ ಅನುದಾನದ ಅರ್ಜಿಗೆ ಅದಕ್ಕಿಂತ ಬಲವಾದ ದಾಖಲೆ ಬೇಕಿಲ್ಲ. ಏಪ್ರಿಲ್ ರಜೆಗೆ ಬೀಗ ಹಾಕುವ ಮುನ್ನ ಬಾರ್‌ಗಳಿಗೆ ಎಂದಿಗಿಂತ ದಪ್ಪ ಕೈ ಎಣ್ಣೆ ಹಚ್ಚಿ ಹಳೆಯ ಬಟ್ಟೆ ಸುತ್ತಬೇಕು, ಯಂತ್ರದ ಹಗ್ಗಗಳ ಬಿಗಿ ಇಳಿಸಬೇಕು, ಮೇಲಿನ ಜಾಲಂದ್ರಗಳನ್ನು ತೆರೆದೇ ಬಿಡಬೇಕು, ಮುಖ್ಯ ಸ್ವಿಚ್ ಆರಿಸಬೇಕು. ಮೇ ಕೊನೆಯ ವಾರ ಒಬ್ಬರು ಬಂದು ಮಾಡಿನ ಸ್ಕ್ರೂ, ಸೂರಿನ ಕೆಳಗಿನ ಗಟಾರ, ಆರ್‌ಸಿಸಿಬಿ, ಹಾಸಿನಡಿಯ ಪಟ್ಟಿ ಇವಿಷ್ಟನ್ನು ನೋಡಿ ಹೋದರೆ ಶಾಲೆ ಶುರುವಾದ ಮೊದಲ ವಾರದಲ್ಲೇ ತರಗತಿಗಳನ್ನು ಒಳಗೆ ಕರೆಯಬಹುದು.